ಟಾಂಗಾ ಹತ್ತಿದ ಬ್ಯಾರಿಸ್ಟರು

ಕನ್ನಡದಲ್ಲಿ ಹೊರದೇಶಕ್ಕೆ ಹೋಗಿ ಬಂದವರ ಪುಸ್ತಕಗಳಿಗೆ ಬರವಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’ ಇದೆ. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಇದೆ. ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಇದೆ. ಸ್ವಾಮಿಯವರನ್ನು ಓದುತ್ತಾ ನಗದೆ ಇರೋದು ಕಷ್ಟ, ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ. ಇವರೆಲ್ಲ ಓದುಬರಹ ತಲೆತಲಾಂತರದಿಂದ ಮನೆಯೊಳಗೇ ಇದ್ದ ಜಾತಿಗಳಿಂದ ಹೊರಟವರು. ಹೋದ ಕಡೆ ಚಳಿ ಹೊಡೆದಿರಬಹುದು, ಊಟ ಸೇರದೆ ಇರಬಹುದು. ಆದರೆ ವಾಪಸು ಬಂದಾಗ ಇಳಿದುಕೊಳ್ಳೋಕೆ ಒಂದು ಮನೆ ಸಿಗುತ್ತೋ ಇಲ್ಲವೋ ಎಂಬ ಪ್ರಶ್ನೆ ಇವರಲ್ಲಿ ಒಬ್ಬರಿಗೂ ಹುಟ್ಟಬೇಕಾಗಿರಲಿಲ್ಲ. ನಮ್ಮ ವಿಮರ್ಶಕರೂ ಅಷ್ಟೆ. ಪ್ರವಾಸ ಸಾಹಿತ್ಯ ಅಂತ ಒಂದು ಕಪಾಟು ಮಾಡಿ, ಶೈಲಿಗೆ ಇಷ್ಟು, ಹಾಸ್ಯಕ್ಕೆ ಇಷ್ಟು, ವರ್ಣನೆಗೆ ಇಷ್ಟು ಅಂತ ಅಂಕ ಹಾಕಿ ಬೀಗ ಜಡಿದರು.

ನನಗೆ ಈ ಪ್ರಶ್ನೆ ಎದ್ದದ್ದು ಪುಸ್ತಕದಿಂದ ಅಲ್ಲ, ಪಾಸ್‌ಬುಕ್ಕಿನಿಂದ.

ನಮ್ಮದು ಮೇಟಗಳ್ಳಿ. ಹಿಂದೆ ಊರು, ಈಗ ಮೈಸೂರಿನ ಒಂದು ಮೂಲೆ. ಕೆ.ಆರ್.ಎಸ್. ರಸ್ತೆ, ಕಾರ್ಖಾನೆಗಳ ಗೋಡೆ, ಶಿಫ್ಟು ಮುಗಿಸಿ ಬರೋರ ಸೈಕಲ್ಲು ಬೈಕು. ನಮ್ಮ ಚಿಕ್ಕವ್ವನ ಮಗಳು ಪಿ.ಯು.ಸಿ. ಮುಗಿಸಿದವಳು ಯಾರಿಗೂ ಹೇಳದೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಎಲ್‌ಎಲ್.ಬಿ.ಗೆ ಅರ್ಜಿ ಹಾಕಿದ್ದಳು. ಮೂರು ವರ್ಷದ ಓದು. ಸೀಟು ಸಿಕ್ಕಿತು, ಫೀಸಿನಲ್ಲಿ ಒಂದು ಪಾಲು ಬಿಡ್ತೇವೆ ಅಂತಲೂ ಕಾಗದ ಬಂತು. ದೇಶ ಸುತ್ತು ಕೋಶ ಓದು ಅಂತ ಇಸ್ಕೂಲಿನಲ್ಲಿ ಹೇಳಿಕೊಟ್ಟದ್ದನ್ನ ನಮ್ಮ ಮನೆಯಲ್ಲಿ ನಿಜ ಅಂತ ನಂಬಿದವಳು ಅವಳೊಬ್ಬಳೇ.

ಆಮೇಲೆ ವೀಸಾ. ಅದಕ್ಕೊಂದು ನಿಯಮ ಇದೆ. ಮೊದಲ ವರ್ಷದ ಫೀಸಿನಲ್ಲಿ ಕಟ್ಟಬೇಕಾಗಿ ಉಳಿದದ್ದು, ಅದರ ಮೇಲೆ ಒಂಬತ್ತು ತಿಂಗಳ ಊಟ-ವಸತಿಯ ಖರ್ಚು, ಇಷ್ಟು ದುಡ್ಡು ವಿದ್ಯಾರ್ಥಿಯ ಅಥವಾ ಅಪ್ಪ-ಅಮ್ಮನ ಖಾತೆಯಲ್ಲಿ ಸತತ 28 ದಿನ ಇರಬೇಕು. ಮಧ್ಯೆ ಒಂದು ದಿನ ಕಡಿಮೆಯಾದರೂ ಆ ಲೆಕ್ಕ ಹೋಯ್ತು. ದುಡ್ಡು ಇದ್ದರೆ ಸಾಲದು, ಅದು ಕೂತಿರಬೇಕು. ನಮ್ಮ ಕೇರಿಯಲ್ಲಿ ದುಡ್ಡು ಕೂತದ್ದನ್ನ ಯಾರು ಕಂಡಿದ್ದಾರೆ? ಬಂದ ಸಂಬಳ ಸಂಜೆಗೆ ಅಂಗಡಿ ಸಾಲಕ್ಕೆ, ಚೀಟಿಗೆ, ಸಂಘದ ಕಂತಿಗೆ ಎದ್ದು ಹೋಗುತ್ತೆ. ಬ್ಯಾಂಕಿನ ಸಾಲದ ಪತ್ರ ತಂದರೆ ಈ 28 ದಿನದ ಗೋಳು ಇಲ್ಲವಂತೆ. ಹೋಗಿ ಕೇಳಿದರೆ ಅಡಮಾನಕ್ಕೆ ಮನೆ ಪತ್ರ ಕೊಡಿ ಅಂದರು. ನಮ್ಮದು ರೆವಿನ್ಯೂ ಸೈಟು. ಮನೆ ಇದೆ, ಖಾತೆ ಇಲ್ಲ.

ಇಲ್ಲೊಂದು ತಮಾಷೆ ನೋಡಿ. ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಇರೋದು ನಮ್ಮ ಮೇಟಗಳ್ಳಿಯಲ್ಲೇ. 1996ರಿಂದ ಇಲ್ಲಿ ದೇಶದ ನೋಟು ಅಚ್ಚಾಗ್ತಾ ಇದೆ. ನೋಟು ಇಲ್ಲಿ ಹುಟ್ಟುತ್ತೆ, ಇಲ್ಲಿ 28 ದಿನ ನಿಲ್ಲಲ್ಲ.

ನಾನು ತಂಗಿಗೆ ಬುದ್ಧಿ ಹೇಳೋಕೆ ಹೊರಟೆ. ಕವಿ ಅಂತ ಹೆಸರು ಹಚ್ಚಿಕೊಂಡವನು, ಮನೆಯ ಮೊದಲ ಬಿ.ಎ., ನನ್ನ ಮಾತಿಗೆ ಮನೆಯಲ್ಲಿ ಒಂದಿಷ್ಟು ಬೆಲೆ ಇದೆ. ‘ಲಾ ಬೇಕಾಗಿರೋದು ಇಲ್ಲಿ ಕಣವ್ವ. ಇಂಗ್ಲೆಂಡಿಗೆ ಹೋಗಿ ಯಾರ ಕೇಸು ನಡೆಸ್ತೀಯ? ಅಂಬೇಡ್ಕರ್ ಬರೆದಿರೋದು ಓದು, ಹೋಗಿ ಬಂದಮೇಲೆ ಏನಾಯ್ತು ಅಂತ’ ಅಂದೆ. ಅವಳು ಓದಿದಳು. ಓದಿ ಕೇಳಿದಳು: ‘ಅಣ್ಣ, ಅವರು ಹೋಗಿ ಬಂದಮೇಲೆ ತಾನೆ ಇದನ್ನ ಬರೆದಿದ್ದು? ನೀನು ಹೋಗ್ದೇನೆ ಹೇಳ್ತಿದ್ದೀಯ.’

ಉತ್ತರ ಹೊಳೀಲಿಲ್ಲ. ಆ ಪುಸ್ತಕವನ್ನ ನಾನು ಸರಿಯಾಗಿ ಓದಿಲ್ಲ ಅನ್ನಿಸಿತು. ಮತ್ತೆ ಓದಿದೆ. ಈ ಸಲ ಪಕ್ಕದಲ್ಲಿ ಗಾಂಧಿಯವರ ಆತ್ಮಕಥೆಯನ್ನೂ ಇಟ್ಟುಕೊಂಡೆ. ಇಬ್ಬರೂ ಲಂಡನ್ನಿಗೆ ಹೋಗಿ ಲಾ ಓದಿದವರು. ಒಬ್ಬರು ಬ್ಯಾರಿಸ್ಟರ್ ಆದದ್ದು 1891ರ ಜೂನ್ 10ರಂದು, ಇನ್ನೊಬ್ಬರು ಹುಟ್ಟಿದ್ದು ಅದೇ ವರ್ಷ ಏಪ್ರಿಲ್ 14ರಂದು.

ಗಾಂಧಿಯವರ ಲಂಡನ್ ಅಧ್ಯಾಯಗಳನ್ನು ಹೀಗಳೆಯೋದು ಸುಲಭ. ನಮ್ಮ ಗೆಳೆಯರಲ್ಲಿ ಕೆಲವರು ಓದದೇ ಹೀಗಳೀತಾರೆ. ನಾನು ಹಾಗೆ ಮಾಡಲ್ಲ. ಅವು ಒಳ್ಳೆಯ ಗದ್ಯ. ಪಿಟೀಲು ಕಲಿಯೋಕೆ ಹೋದದ್ದು, ಡ್ಯಾನ್ಸ್ ಕ್ಲಾಸಿಗೆ ಸೇರಿ ತಾಳ ತಪ್ಪಿದ್ದು, ಕನ್ನಡಿ ಮುಂದೆ ಟೈ ಕಟ್ಟಿಕೊಳ್ತಾ ನಿಂತದ್ದು, ಎಲ್ಲವನ್ನೂ ತನ್ನನ್ನೇ ಗೇಲಿ ಮಾಡಿಕೊಂಡು ಬರೀತಾರೆ. ಲಾ ಓದು ಅಂದರೆ ಆಗ ಏನಿತ್ತು ಅನ್ನೋದನ್ನೂ ಮುಚ್ಚಿಡದೆ ಹೇಳ್ತಾರೆ. ಬ್ಯಾರಿಸ್ಟರ್ ಆಗೋಕೆ ಇದ್ದದ್ದು ಎರಡೇ ಷರತ್ತು. ಪರೀಕ್ಷೆ ಪಾಸಾಗಬೇಕು, ಹನ್ನೆರಡು ಟರ್ಮು ತುಂಬಬೇಕು. ಟರ್ಮು ತುಂಬೋದು ಅಂದರೆ ಇನ್ನಿನ ಹಾಲಿನಲ್ಲಿ ಕೂತು ಊಟ ಮಾಡೋದು. ಒಂದು ಟರ್ಮಿಗೆ ಸುಮಾರು 24 ಊಟ, ಅದರಲ್ಲಿ ಆರಕ್ಕಾದರೂ ಹಾಜರಿರಬೇಕು. ನಾಲ್ಕು ಜನಕ್ಕೆ ಒಂದು ಪಂಕ್ತಿ, ಪಂಕ್ತಿಗೆ ಎರಡು ಬಾಟ್ಲಿ ವೈನು. ಗಾಂಧಿ ಕುಡಿಯದವರಾದ್ದರಿಂದ ನಾಲ್ಕನೆಯವನಾಗಿ ಅವರಿಗೆ ಎಲ್ಲಿಲ್ಲದ ಬೇಡಿಕೆ.

ಲಾ ಓದಿನ ಹೃದಯದಲ್ಲಿ ಸಹಪಂಕ್ತಿ ಭೋಜನ ಇತ್ತು ಅನ್ನೋದನ್ನು ನಾವು ಗಮನಿಸಬೇಕು.

ಗಾಂಧಿಯನ್ನು ಅವರ ಜಾತಿ ಹೊರಗೆ ಹಾಕಿತ್ತು. ಸಮುದ್ರ ದಾಟಬಾರದು ಅಂತ ಬೊಂಬಾಯಿಯಲ್ಲಿ ಮೋಢ ಬನಿಯಾಗಳ ಪಂಚಾಯ್ತಿ ಸೇರಿತು, ಯಜಮಾನ ಬಹಿಷ್ಕಾರ ಹಾಕಿದ, ಸಹಾಯ ಮಾಡಿದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಅಂದ. 1888ರ ಸೆಪ್ಟೆಂಬರ್ 4ಕ್ಕೆ ಹಡಗು ಹತ್ತಿದರು. ವಾಪಸು ಬಂದಮೇಲೆ? ಅಣ್ಣ ನಾಸಿಕಕ್ಕೆ ಕರೆದುಕೊಂಡು ಹೋಗಿ ನದಿಯಲ್ಲಿ ಮುಳುಗು ಹಾಕಿಸಿದ. ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದ. ಒಂದು ಪಂಗಡ ಒಪ್ಪಲಿಲ್ಲ, ನಿಜ. ಆದರೂ ಒಳಗೆ ಬರೋಕೆ ಒಂದು ಬಾಗಿಲಿತ್ತು, ಅದಕ್ಕೆ ಒಂದು ರೇಟಿತ್ತು. ಒಂದು ಸ್ನಾನ, ಒಂದು ಊಟ.

ಅದೇ ನಾಸಿಕದಲ್ಲಿ 1930ರ ಮಾರ್ಚ್ ತಿಂಗಳಲ್ಲಿ ಇನ್ನೊಬ್ಬ ಬ್ಯಾರಿಸ್ಟರ್ ಸಾವಿರಾರು ಜನರನ್ನು ಕಟ್ಟಿಕೊಂಡು ಕಾಳಾರಾಮ ದೇವಸ್ಥಾನದ ಮುಂದೆ ನಿಂತರು. ಬಾಗಿಲು ತೆರೀಲಿಲ್ಲ. ಗಾಂಧಿಯನ್ನು ತೊಳೆದ ಊರಿನಲ್ಲಿ ನಮ್ಮನ್ನು ತೊಳೆಯೋ ನೀರಿರಲಿಲ್ಲ.

ಈಗ ಅಂಬೇಡ್ಕರರ ಪುಸ್ತಕ. ‘ವೇಟಿಂಗ್ ಫಾರ್ ಎ ವೀಸಾ’, ವೀಸಾಕ್ಕಾಗಿ ಕಾಯುತ್ತಾ. 1935-36ರ ಸುಮಾರಿಗೆ ಬರೆದದ್ದು. ಅಚ್ಚಾಗಿ ಹೊರಬಂದದ್ದು 1990ರಲ್ಲಿ, ಅವರು ತೀರಿಕೊಂಡು 34 ವರ್ಷ ಆದಮೇಲೆ. ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈಗ ಅದು ಪಾಠ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಸಣ್ಣದು.

ಈ ಪುಸ್ತಕವನ್ನು ಹೊರದೇಶದಲ್ಲಿ ಓದಿದವನ ಕಥೆ ಅಂತ ಕೈಗೆತ್ತಿಕೊಂಡರೆ ಮೊದಲು ತಬ್ಬಿಬ್ಬಾಗುತ್ತೆ. ಅಮೆರಿಕ, ಲಂಡನ್ ಒಂದೆರಡು ವಾಕ್ಯದಲ್ಲಿ ಮುಗಿದು ಹೋಗುತ್ತೆ. ಆ ಬದುಕಿನಲ್ಲಿ ಬರೆಯೋಕೆ ಏನೂ ಇರಲಿಲ್ಲವೆ? 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಓದಿ ಬಂದು ಹತ್ತು ವರ್ಷ ಬರೋಡದ ಚಾಕರಿ ಮಾಡ್ತೇನೆ ಅಂತ ಬರೆದುಕೊಟ್ಟ ಕರಾರು. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದ್ದು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಅರ್ಧಕ್ಕೇ ಬಿಟ್ಟು ಬಂದದ್ದು. ಬೊಂಬಾಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ್ದು, ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟದ್ದು, ಪಾರ್ಸಿ ಗೆಳೆಯ ನವಲ್ ಭಥೇನಾ ಅವರ ಸಾಲ, ಇಷ್ಟನ್ನೂ ಗಂಟು ಕಟ್ಟಿಕೊಂಡು 1920ರಲ್ಲಿ ಮತ್ತೆ ಹೋದದ್ದು. ಅರೆಹೊಟ್ಟೆಯ ದಿನಗಳು, ಬ್ರಿಟಿಷ್ ಮ್ಯೂಸಿಯಂ ಓದುಮನೆ. 1922ರಲ್ಲಿ ಬ್ಯಾರಿಸ್ಟರ್, 1923ರಲ್ಲಿ ಡಿ.ಎಸ್‌ಸಿ. ಆ ಪ್ರಬಂಧದ ಹೆಸರು ರೂಪಾಯಿಯ ಸಮಸ್ಯೆ. (ಮೇಟಗಳ್ಳಿಯವನಾದ ನನಗೆ ಈ ಹೆಸರು ಓದಿದಾಗಲೆಲ್ಲ ಮುದ್ರಣಾಲಯದ ಗೋಡೆ ನೆನಪಾಗುತ್ತೆ.) ಇದೆಲ್ಲ ನಮಗೆ ಗೊತ್ತಿರೋದು ಧನಂಜಯ ಕೀರ್ ಥರದವರು ಜೀವನಚರಿತ್ರೆ ಬರೆದದ್ದರಿಂದ.

ಊಟದ ನಿಯಮ ಗ್ರೇಸ್ ಇನ್ನಿಗೂ ಇತ್ತು. ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತ ಹುಡುಗ, ಜವಾನ ನಲ್ಲಿ ತಿರುಗಿಸದಿದ್ದರೆ ಬಾಯಾರಿಕೊಂಡೇ ಇದ್ದ ಹುಡುಗ, ಆ ಹಾಲಿನಲ್ಲಿ ಬಿಳಿಯರ ಜೊತೆ ಒಂದೇ ಮೇಜಿನಲ್ಲಿ ಉಂಡ. ಸಹಪಂಕ್ತಿಯ ಊಟ ಅಲ್ಲಿ ದಯೆ ಅಲ್ಲ, ಕಡ್ಡಾಯ. ಯಾವ ಕಾದಂಬರಿಕಾರನಾದರೂ ಇಂಥಾ ದೃಶ್ಯ ಬಿಡ್ತಾನಾ? ಅಂಬೇಡ್ಕರ್ ಬಿಟ್ಟರು. ಅವರು ಹೇಳೋದು ಇಷ್ಟೆ: ಐದು ವರ್ಷ ಹೊರಗಿದ್ದದ್ದರಿಂದ ತಾನು ಅಸ್ಪೃಶ್ಯ ಅನ್ನೋದೇ ಮರೆತುಹೋಗಿತ್ತು. ಆ ಮರೆವೇ ಅವರ ಲಂಡನ್ ಪ್ರಬಂಧ. ಮರೆತದ್ದನ್ನ ಯಾರು ವರ್ಣಿಸೋಕೆ ಆಗುತ್ತೆ?

ನೆನಪು ಮಾಡಿಕೊಟ್ಟದ್ದು ಬರೋಡ. ಕರಾರಿನಂತೆ ಚಾಕರಿಗೆ ಬಂದವರು ಇಳಿಯೋಕೆ ಜಾಗ ಸಿಗದೆ ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಸಾಲ ಕೊಟ್ಟವನೂ ಪಾರ್ಸಿ, ದೊಣ್ಣೆ ತಂದವರೂ ಪಾರ್ಸಿಗಳು. ಹಿಂದೂ ಗೆಳೆಯನನ್ನ ಕೇಳಿದರು, ನೀನು ಬಂದರೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಕ್ರೈಸ್ತ ಗೆಳೆಯನನ್ನ ಕೇಳಿದರು, ಹೆಂಡತಿಯನ್ನ ಕೇಳಿ ಹೇಳ್ತೀನಿ ಅಂದ. ರಾತ್ರಿಯ ರೈಲಿನವರೆಗೆ ಕಾಮಾಠಿ ಬಾಗಿನಲ್ಲಿ ಕೂತರು. ಕೊಲಂಬಿಯಾದ ಎಂ.ಎ., ಪಾರ್ಕಿನಲ್ಲಿ.

ನನ್ನ ಓದಿನಲ್ಲಿ ಈ ಪುಸ್ತಕದ ತಿರುಳು ಇದೂ ಅಲ್ಲ, ಮುಂದಿನ ಭಾಗ. 1929, ಚಾಳೀಸ್‌ಗಾಂವ್. ಬೊಂಬಾಯಿ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಅಂಬೇಡ್ಕರ್ ಆ ಕಡೆ ಹೋಗಿದ್ದರು. ಅಲ್ಲಿನ ಮಹಾರವಾಡೆಯ ಜನ ಒಂದು ರಾತ್ರಿ ನಮ್ಮಲ್ಲಿ ಇರಬೇಕು ಅಂತ ಹಟ ಹಿಡಿದರು. ಸ್ಟೇಷನ್ನಿನಲ್ಲಿ ಟಾಂಗಾದವರು ಒಬ್ಬರೂ ಇವರನ್ನ ಕೂರಿಸಿಕೊಂಡು ಹೋಗೋಕೆ ಒಪ್ಪಲಿಲ್ಲ. ಅತಿಥಿ ನಡೆದು ಬಂದರೆ ನಮಗೆ ಅವಮಾನ ಅಂತ ಕೇರಿಯವರಿಗೆ. ಕಡೆಗೊಂದು ರಾಜಿಯಾಯ್ತು. ಟಾಂಗಾವನ್ನು ಬಾಡಿಗೆಗೆ ಕೊಡ್ತೀನಿ, ನಾನು ಓಡಿಸಲ್ಲ ಅಂದ ಗಾಡಿಯವನು. ಓಡಿಸೋಕೆ ಬಾರದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿಯ ಹತ್ತಿರ ಚಕ್ರ ಸಿಕ್ಕಿಕೊಂಡು ಅಂಬೇಡ್ಕರ್ ಕಲ್ಲಿನ ಮೇಲೆ ಬಿದ್ದರು. ಕಾಲು ಮುರಿಯಿತು.

ಆಗ ಬರೀತಾರೆ: ಕೂಲಿ ಮಾಡಿ ಬದುಕೋ ಟಾಂಗಾದವನಿಗೂ ಒಂದು ಘನತೆ ಇದೆ, ಆ ಘನತೆಯಲ್ಲಿ ಅವನು ಯಾವ ಅಸ್ಪೃಶ್ಯನಿಗಿಂತಲೂ ಮೇಲು, ಆ ಅಸ್ಪೃಶ್ಯ ಬ್ಯಾರಿಸ್ಟರ್ ಆದರೂ ಸರಿ. ಲಂಡನ್ನಿನ ಮಾತು ಬಂದಾಗ ಎತ್ತದೆ ಬಿಟ್ಟ ಬ್ಯಾರಿಸ್ಟರ್ ಪದವಿ ಇಲ್ಲಿ, ಮೋರಿಯ ಪಕ್ಕದಲ್ಲಿ, ಮುರಿದ ಕಾಲಿನ ಜೊತೆಗೆ ಬರುತ್ತೆ. ಗಾಂಧಿಯವರಲ್ಲಿ ಬ್ಯಾರಿಸ್ಟರ್ ಆದಮೇಲೆ ಮುಂದೇನು ಅನ್ನೋ ಭಯಕ್ಕೇ ಒಂದು ಅಧ್ಯಾಯ ಇದೆ. ಓದಿದ್ದು ಸಾಲದು, ಕೇಸು ನಡೆಸೋಕೆ ಬಾರದು ಅನ್ನೋ ಭಯ ಅದು. ಅಂಬೇಡ್ಕರರಿಗೆ ಓದಿದ್ದು ಬೇಕಾದಷ್ಟಾಯಿತು. ಗಾಡಿ ಹೊಡೆಯೋಕೆ ಜನ ಇಲ್ಲ.

ಇನ್ನೊಂದು ಮಾತು. ಆ ಬರಹದಲ್ಲಿ ಸಿಟ್ಟು ಗಾಡಿಯವನ ಮೇಲಷ್ಟೇ ಇಲ್ಲ. ಬಾರದ ಕೆಲಸಕ್ಕೆ ಕೈ ಹಾಕಿ, ಪ್ರಾಣಕ್ಕಿಂತ ಮರ್ಯಾದೆ ದೊಡ್ಡದು ಅಂದುಕೊಂಡ ನಮ್ಮವರನ್ನೂ ಅದು ಕಾಣಿಸುತ್ತೆ. ತಮ್ಮ ಮೊದಲ ಬ್ಯಾರಿಸ್ಟರನನ್ನ ನಡೆಸಿಕೊಂಡು ಬರಬಾರದು ಅನ್ನೋ ಪ್ರೀತಿ ಅದು. ಆ ಪ್ರೀತಿ ಅವನ ಕಾಲು ಮುರಿಯಿತು. ನಮ್ಮ ಸಂಘಟನೆಗಳಲ್ಲಿ ಇವತ್ತಿಗೂ ಈ ಥರದ ಪ್ರೀತಿ ಇದೆ. ಓದಿದ ಹುಡುಗನನ್ನ ಮೆರವಣಿಗೆಯಲ್ಲಿ ಕೂರಿಸ್ತೇವೆ, ಲಗಾಮು ಹಿಡಿಯೋದು ಕಲಿತಿರಲ್ಲ.

ವೀಸಾ ಅನ್ನೋ ಹೆಸರಿನ ಅರ್ಥ ಇಲ್ಲಿ ಬಿಚ್ಚಿಕೊಳ್ಳುತ್ತೆ. ಪುಸ್ತಕದ ಒಳಗೆ ಅವರನ್ನು ತಡೆಯೋ ಗಡಿಗಳು ಯಾವುವು? ಮಸೂರು ಸ್ಟೇಷನ್ನು, ಬರೋಡದ ಛತ್ರ, ಚಾಳೀಸ್‌ಗಾಂವ್‌ನ ಟಾಂಗಾ, 1934ರಲ್ಲಿ ದೌಲತಾಬಾದ್ ಕೋಟೆ ಬಾಗಿಲಿನ ನೀರಿನ ತೊಟ್ಟಿ. ಲಂಡನ್ನಿನ ಬಂದರು ಈ ಪಟ್ಟಿಯಲ್ಲಿ ಇಲ್ಲ. ವೀಸಾ ಬೇಕಾಗಿರೋದು ಸ್ವಂತ ದೇಶಕ್ಕೆ. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಂಗೆ ಹೋಗಿ ಅಲ್ಲಿ ಕೂತು ‘ಸಂಸ್ಕಾರ’ ಬರೆದರು. ದೂರ ಹೋದದ್ದರಿಂದ ಅವರಿಗೆ ಅಗ್ರಹಾರ ಚೆನ್ನಾಗಿ ಕಂಡಿತು. ಬಿಟ್ಟು ಬಂದದ್ದನ್ನ ದೂರದಿಂದ ನೋಡಬೇಕಾದರೆ ಅದರೊಳಗೆ ಒಮ್ಮೆ ಜಾಗ ಇದ್ದಿರಬೇಕು. ನವ್ಯದವರು ಪರಕೀಯತೆ ಪರಕೀಯತೆ ಅಂತ ಇಷ್ಟು ಪುಟ ಬರೆದರಲ್ಲ, ಟಿಕೆಟ್ಟು ಪಾಸ್‌ಪೋರ್ಟು ಇಲ್ಲದೆ ಪರಕೀಯರಾದವರ ಈ ಪುಸ್ತಕ 1990ರ ನಂತರವಾದರೂ ನಮ್ಮ ವಿಮರ್ಶೆಯ ಮೇಜಿಗೆ ಬರಬೇಕಾಗಿತ್ತು. ಅಂಬೇಡ್ಕರ್ ಅಂದರೆ ಸಂವಿಧಾನ, ಭಾಷಣ, ಪಟ. ಗದ್ಯಕಾರ ಅಂತ ಯಾರು ಓದಿದರು?

ಇಷ್ಟನ್ನು ತಂಗಿಗೆ ಹೇಳಿದೆ. ಅವಳಿಗೆ ಇದರಲ್ಲಿ ಒಂದು ತಕರಾರು. ‘ಐದು ವರ್ಷ ಮರೆತಿದ್ದರಲ್ಲ, ನನಗೆ ಆ ಮೂರು ವರ್ಷ ಬೇಕು’ ಅಂದಳು.

ಆ ಮೂರು ವರ್ಷ ಈಗ ಸಿಗುತ್ತಾ? 1916ರಲ್ಲಿ ಲಂಡನ್ನಿಗೆ ಜಾತಿ ಇನ್ನೂ ಅಷ್ಟಾಗಿ ಹಡಗು ಹತ್ತಿರಲಿಲ್ಲ. ಈಗ ಅದಕ್ಕೆ ಪಾಸ್‌ಪೋರ್ಟು ಇದೆ. ಅವಳು ಓದೋಕೆ ಹೊರಟಿರೋ ಬ್ರಿಟನ್ನಿನ ಕಾನೂನನ್ನೇ ನೋಡಿ. ಅಲ್ಲಿ 2010ರಲ್ಲಿ ಸಮಾನತಾ ಕಾಯ್ದೆ ಬಂತು. ಜಾತಿಯನ್ನೂ ಅದರೊಳಗೆ ಸೇರಿಸಬೇಕು ಅಂತ 2013ರಲ್ಲಿ ಪಾರ್ಲಿಮೆಂಟು ತಿದ್ದುಪಡಿ ಮಾಡಿತು. ಬಿಹಾರದಿಂದ ಹೋಗಿ ಮನೆಗೆಲಸ ಮಾಡ್ತಿದ್ದ ಹೆಂಗಸೊಬ್ಬಳ ಕೇಸಿನಲ್ಲಿ, ಜಾತಿ ತಾರತಮ್ಯ ಜನಾಂಗೀಯ ಮೂಲದ ತಾರತಮ್ಯದೊಳಗೆ ಬರಬಹುದು ಅಂತ ಅಲ್ಲಿನ ಮೇಲ್ಮನವಿ ನ್ಯಾಯಮಂಡಳಿ 2014ರಲ್ಲಿ ಹೇಳಿತು. 2018ರ ಜುಲೈನಲ್ಲಿ ಸರ್ಕಾರ, ಕಾಯ್ದೆಯಲ್ಲಿ ಸೇರಿಸೋದು ಬೇಡ, ಕೋರ್ಟಿನ ತೀರ್ಪೇ ಸಾಕು ಅಂದುಬಿಟ್ಟಿತು. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರು ಅಂಥದೇ ಮಸೂದೆಯನ್ನು ತಿರಸ್ಕರಿಸಿದರು. ಇಲ್ಲಿಂದ ಹೋದವರು ಅಲ್ಲಿ ಜಾತಿ ಮಾಡದಿದ್ದರೆ ಈ ಕಾನೂನು ಚರ್ಚೆಯೆಲ್ಲ ಯಾತಕ್ಕೆ? ತಂಗಿ ಅಲ್ಲಿ ಬಾಡಿಗೆ ಕೋಣೆ ಹುಡುಕ್ತಾ ಇದ್ದಳು. ನಮ್ಮ ದೇಶದ ಹುಡುಗಿಯರೇ ಹಾಕಿದ್ದ ಒಂದು ಜಾಹೀರಾತು ತೋರಿಸಿದಳು: ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ. ಗಾಂಧಿ ಸಸ್ಯಾಹಾರದ ಹೋಟೆಲು ಹುಡುಕಿಕೊಂಡು ಲಂಡನ್ ಬೀದಿಯಲ್ಲಿ ಅಲೆದದ್ದು ಅವರ ಪುಸ್ತಕದ ಸೊಗಸಾದ ಭಾಗ. ಅದು ಒಬ್ಬನ ಹಸಿವು, ತಾಯಿಗೆ ಕೊಟ್ಟ ಮಾತು. ಇದು ಬರೋಡದ ಛತ್ರದ ಬೋರ್ಡು.

ಸರ್ಕಾರದ ಕಡೆಯದ್ದೂ ಶಿಕ್ಷಕ ಗೆಳೆಯರಿಗೆ ಗೊತ್ತಿರಲಿ. ಪರಿಶಿಷ್ಟ ಜಾತಿ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡೋ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇರೋದು ಸ್ನಾತಕೋತ್ತರ ಪದವಿಗೆ, ಪಿಎಚ್.ಡಿ.ಗೆ. ಪಿ.ಯು.ಸಿ. ಮುಗಿಸಿ ಎಲ್‌ಎಲ್.ಬಿ.ಗೆ ಹೊರಟವರಿಗೆ ಅದು ಇಲ್ಲ. ಜೊತೆಗೆ 2022ರಲ್ಲಿ ಒಂದು ನಿಯಮ ತಂದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನಕ್ಕೆ ಈ ದುಡ್ಡು ಕೊಡಲ್ಲ. 1916ರಲ್ಲಿ ಕೊಲಂಬಿಯಾದಲ್ಲಿ ಕೂತು ಜಾತಿಯ ಬಗ್ಗೆ ಪ್ರಬಂಧ ಓದಿದ ವಿದ್ಯಾರ್ಥಿ ಇವತ್ತು ಅದೇ ವಿಷಯಕ್ಕೆ ಅರ್ಜಿ ಹಾಕಿದರೆ ವಾಪಸು ಬರುತ್ತೆ. ಓದಿ ಬಂದಮೇ‌ಲೂ ನೇರವಾಗಿ ಕರಿಕೋಟು ತೊಡೋಕೆ ಆಗಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಬ್ಯಾರಿಸ್ಟರ್ ಅನ್ನೋ ಅರ್ಹತೆಯ ಮೇಲೆ ಇಲ್ಲಿ ವಕೀಲರಾಗೋ ಅವಕಾಶ 1976ರ ಡಿಸೆಂಬರ್ 31ರ ಒಳಗೆ ಬ್ಯಾರಿಸ್ಟರ್ ಆದವರಿಗೆ ಮಾತ್ರ. ಈಗ ಹೊರದೇಶದ ಲಾ ಪದವಿಯನ್ನು ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿರಬೇಕು, ಅವರ ಪರೀಕ್ಷೆ ಪಾಸಾಗಬೇಕು. ಅಲ್ಲಿ ಹೋಗೋಕೂ ವೀಸಾ, ಬಂದಮೇಲೆ ಕೋರ್ಟಿನೊಳಗೆ ಕಾಲಿಡೋಕೂ ವೀಸಾ.

ಇಷ್ಟೆಲ್ಲ ಗೊತ್ತಿದ್ದೂ ‘ಹೋಗಬೇಡ’ ಅಂತ ಹೇಳೋಕೆ ಈಗ ನನ್ನ ಬಾಯಿ ಬರ್ತಿಲ್ಲ. ಚಾಳೀಸ್‌ಗಾಂವ್ ಭಾಗವನ್ನ ನಾನು ಅವಳನ್ನ ಹೆದರಿಸೋಕೆ ಬಳಸಿದ್ದೆ. ಅದು ತಪ್ಪು ಓದು. ಗ್ರೇಸ್ ಇನ್ನಿನ ಹಾಲಿನಲ್ಲಿ ಉಂಡವನಿಗೇ ಆ ಟಾಂಗಾದ ಅನ್ಯಾಯ ಅಷ್ಟು ನಿಚ್ಚಳವಾಗಿ ಕಂಡದ್ದು. ಆ ಕೇರಿಯ ಜನಕ್ಕೆ ಗಾಡಿಯವನು ಹಾಗನ್ನೋದು ದಿನನಿತ್ಯದ್ದು, ರಾಜಿ ಮಾಡಿಕೊಂಡರು. ಮರೆತು ಬಂದವನಿಗೆ ಅದು ದಿನನಿತ್ಯದ್ದಾಗಲಿಲ್ಲ. ಆ ಮರೆವು ಇಲ್ಲದಿದ್ದರೆ ಈ ಪುಸ್ತಕ ಇಲ್ಲ.

ಚಿಕ್ಕಪ್ಪ ಕಾರ್ಖಾನೆಯಿಂದ ರಿಟೈರಾದಾಗ ಬಂದ ಪಿ.ಎಫ್., ಚಿಕ್ಕವ್ವನ ಸರ, ಅವರ ಊರಿನ ಕಡೆಯ ಒಂದು ತುಂಡು ಹೊಲದ ದುಡ್ಡು, ಎಲ್ಲ ಸೇರಿ ಚಿಕ್ಕಪ್ಪನ ಖಾತೆಗೆ ಬಿತ್ತು. ಹದಿನೇಳನೇ ದಿನ ಚಿಕ್ಕಪ್ಪನಿಗೆ ಎದೆ ನೋವು ಬಂತು. ಆಸ್ಪತ್ರೆಯಲ್ಲಿ ಮೊದಲು ಅಡ್ವಾನ್ಸು ಕಟ್ಟಿ ಅಂದರು. ತಂಗಿಯೇ ಹೋಗಿ ದುಡ್ಡು ತೆಗೆದು ತಂದಳು. ‘ಲೆಕ್ಕ ತಪ್ಪೋಯ್ತಲ್ಲ ಕೂಸೆ’ ಅಂತ ಚಿಕ್ಕವ್ವ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಳು. ಚಿಕ್ಕಪ್ಪ ಈಗ ಮನೆಗೆ ಬಂದಿದ್ದಾರೆ. ತೆಗೆದ ದುಡ್ಡನ್ನ ಚೀಟಿ ಎತ್ತಿ ತುಂಬಿದ್ದೇವೆ. ಇವತ್ತಿಗೆ ಎಂಟನೇ ದಿನ.